ಕೋಡಿಯ ಮೇಲಿನ ಮೂಟೆಗಳು

ಮೊನ್ನೆ ಕನ್ನಡಕ ಬದಲಾಯಿಸಲು ಕೋಲಾರಕ್ಕೆ ಹೋಗಿದ್ದೆ. ಕಣ್ಣಿನ ಡಾಕ್ಟರು ಹನ್ನೊಂದಕ್ಕೆ ಬರುತ್ತಾರೆ ಎಂದು ಫೋನಿನಲ್ಲಿ ಹೇಳಿದ್ದರು, ಹೋದ ಮೇಲೆ ಒಂದು ಗಂಟೆಗೆ ಎಂದರು. ನಿವೃತ್ತ ಮೇಷ್ಟ್ರ ಹತ್ತಿರ ಹೊತ್ತಿಗೇನೂ ಬರವಿಲ್ಲ ಎಂಬುದು ಲೋಕಕ್ಕೆಲ್ಲ ಗೊತ್ತು. ಸರಿ, ಟೊಮೆಟೊ ಮಂಡಿಯ ಕಡೆ ನಡೆದೆ. ಅಲ್ಲಿ ಹೊರಗಡೆ ಸರಕು ಇಳಿಸಿ ಬಂದ ಖಾಲಿ ಲಾರಿಯೊಂದರ ಪಕ್ಕ ಡ್ರೈವರು ತನ್ನ ಟಾರ್ಪಾಲನ್ನು ಬಿಚ್ಚಿ ಬಿಸಿಲಿಗೆ ಹರವುತ್ತಿದ್ದ. ಅದರಿಂದ ಒಂದು ವಾಸನೆ ಎದ್ದು ಬಂತು ನೋಡಿ, ಮುಗ್ಗಲು, ಡೀಸೆಲ್ಲು, ನೆಂದ ಹಗ್ಗ ಎಲ್ಲ ಕಲೆಸಿದ್ದು. ಮೂಗು ಮುಚ್ಚಿಕೊಳ್ಳಬೇಕಾದ ವಾಸನೆಯೇ. ನಾನು ಮಾತ್ರ ನಿಂತಲ್ಲೇ ನಿಂತುಬಿಟ್ಟೆ.

ಮೇಲೆ ನೋಡಿದರೆ ಆಕಾಶ ತೊಳೆದಿಟ್ಟ ಹಾಗಿತ್ತು. ಒಂದು ತುಣುಕು ಮೋಡವಿಲ್ಲ. "ಎಲ್ಲಿ ನೆಂದಿರಪ್ಪಾ?" ಎಂದು ಕೇಳಿದೆ. ಕೇಳಿದವನು ನಾನಾದರೂ ಪ್ರಶ್ನೆ ನನ್ನದಲ್ಲ, ನಮ್ಮ ದೊಡ್ಡಮ್ಮನದು. ಡ್ರೈವರು ಟಾರ್ಪಾಲು ಕೊಡವುತ್ತಲೇ, "ನೆಲ್ಲೂರು ದಾಟಿದ ಮೇಲೆ ಹಿಡಿದ ಮಳೆ ಸಾರ್, ಎರಡು ಗಂಟೆ ಬಿಡಲಿಲ್ಲ" ಎಂದ. ಅಷ್ಟು ಕೇಳಿದ್ದೇ ನನಗೆ ಕೆಲವು ವರ್ಷದ ಹಿಂದಿನ ಒಂದು ಕಾರ್ತೀಕ ಮಾಸ ಪೂರಾ ನೆನಪಾಯಿತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ. ಇಲ್ಲದಿದ್ದರೂ ಹೇಳುವವನೇ.

ನಮ್ಮ ದೊಡ್ಡಮ್ಮ, ಎಂದರೆ ನನ್ನ ತಾಯಿಯ ಅಕ್ಕ ವೆಂಕಟಮ್ಮ, ನಂಗಲಿಯ ಹೈವೇ ಪಕ್ಕ ಮೂವತ್ತು ವರ್ಷ ಹೋಟ್ಲು ನಡೆಸಿದವಳು. ಹೋಟ್ಲು ಎಂದರೆ ನಾಲ್ಕು ಬೆಂಚು, ಎರಡು ಒಲೆ, ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ ಸಾರು, ದಿನವಿಡೀ ಟೀ. ಆಂಧ್ರದ ಗಡಿ ಅಲ್ಲಿಂದ ಕೂಗಳತೆ. ಮದ್ರಾಸು, ಚಿತ್ತೂರು, ನೆಲ್ಲೂರುಗಳಿಂದ ಬೆಂಗಳೂರಿಗೆ ಹೋಗುವ ಲಾರಿಗಳೆಲ್ಲ ಅವಳ ಒಲೆಯ ಮುಂದೆಯೇ ಹಾಯಬೇಕು. ಮೂರನೇ ಕ್ಲಾಸಿಗೆ ಸ್ಲೇಟು ಒಡೆದುಕೊಂಡು ಶಾಲೆ ಬಿಟ್ಟವಳು ಕನ್ನಡ, ತೆಲುಗು, ತಮಿಳು ಮೂರರಲ್ಲೂ ಜಗಳವಾಡಬಲ್ಲವಳಾಗಿದ್ದಳು.

ಅವಳಿಗೊಂದು ಚಟವಿತ್ತು. ಲಾರಿ ಬಂದು ನಿಂತಿತೆಂದರೆ ಡ್ರೈವರಿನ ಮುಖ ನೋಡುವುದಕ್ಕೆ ಮುಂಚೆ ಟಾರ್ಪಾಲು ನೋಡುವಳು. ಒದ್ದೆಯಾಗಿದ್ದರೆ, "ಎಕ್ಕಡ ತಡಿಸಿನಾವು ನಾಯನಾ?" ಎಲ್ಲಿ ನೆಂದೆ ಮಗಾ, ಎಂದು ತೆಲುಗಿನಲ್ಲಿ ಶುರು ಮಾಡುವಳು. ಆಮೇಲೆ ಟೈರಿನ ಹಿಂದೆ ಹೋಗಿ ಮಡ್‌ಗಾರ್ಡಿಗೆ ಮೆತ್ತಿದ ಮಣ್ಣು ನೋಡುವಳು. ಕೆಂಪು ಮಣ್ಣಾದರೆ ಮಳೆ ಪಲಮನೇರು ಘಾಟಿಯ ಈ ಕಡೆಯೂ ಬಂದಿದೆ, ಕಪ್ಪಾದರೆ ಇನ್ನೂ ದೂರವಿದೆ, ಮರಳಾದರೆ ಸಮುದ್ರದ ದಂಡೆಯಲ್ಲೇ ಇದೆ. ನಾನೊಮ್ಮೆ ತಮಾಷೆಗೆ, "ದೊಡ್ಡಮ್ಮ, ಹವಾಮಾನ ಇಲಾಖೆಯವರು ನಿನ್ನನ್ನ ಹುಡುಕ್ತಾ ಇದ್ದಾರಂತೆ" ಎಂದರೆ, "ಬಂದ್ರೆ ಬರ್ಲಿ ಬಿಡು, ಇಡ್ಲಿ ತಿಂದು ಹೋಗ್ಲಿ" ಎಂದಿದ್ದಳು.

ಬಂದ ಲಾರಿಗಿಂತ ಬಾರದ ಲಾರಿ ದೊಡ್ಡ ಸುದ್ದಿ ಎಂಬುದು ಅವಳ ಇನ್ನೊಂದು ಪಾಠ. ಪೂರ್ವದ ಕಡೆಯಿಂದ ಒಂದು ಗಂಟೆ ಲಾರಿಯೇ ಬರಲಿಲ್ಲವೆಂದರೆ ಎಲ್ಲೋ ಸೇತುವೆಯ ಮೇಲೆ ನೀರು ಬಂದಿದೆ ಎಂದು ಅವಳ ಲೆಕ್ಕ. ಆಗ ಒಲೆಯ ಮೇಲಿನ ಅನ್ನ ಇಳಿಸಿ ಫೋನು ಹಿಡಿಯುವಳು. ಬಟನ್ ಫೋನು. ಹೆಸರು ಸೇವ್ ಮಾಡಲು ಬಾರದು. ನಂಬರುಗಳೆಲ್ಲ ಒಲೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದವು. ಪ್ರತಿ ನಂಬರಿನ ಪಕ್ಕ ಒಂದೊಂದು ಚಿತ್ರ. ಮೇಕೆ ಬರೆದಿದ್ದರೆ ಮೇಕೆಯವನು, ಬುಟ್ಟಿ ಬರೆದಿದ್ದರೆ ತರಕಾರಿಯವಳು. ನನ್ನ ನಂಬರಿನ ಪಕ್ಕ ಒಂದು ಬೆತ್ತ ಬರೆದಿದ್ದಳು. ನಾನು ಮಕ್ಕಳಿಗೆ ಹೊಡೆದವನೇ ಅಲ್ಲ ಎಂದು ಎಷ್ಟು ಹೇಳಿದರೂ ಅಳಿಸಲಿಲ್ಲ.

ನಾನು ಆಗ ಮುಳಬಾಗಿಲಿನ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಚಂಡಮಾರುತದ ಪಾಠವೆಂದರೆ ನನಗೆ ಪಂಚಪ್ರಾಣ. ಬೋರ್ಡಿನ ಮೇಲೆ ಸುರುಳಿ ಬರೆದು, ನಡುವೆ ಒಂದು ಕಣ್ಣು ಬರೆದು, "ಈ ಗಾಳಿ ದೇವರಿಗೆ ಹಾಕೋ ಪ್ರದಕ್ಷಿಣೆಗೆ ಉಲ್ಟಾ ಸುತ್ತುತ್ತೆ ಕಣ್ರೋ" ಎಂದು ನಾನೇ ಗಿರ್ರನೆ ಒಂದು ಸುತ್ತು ತಿರುಗಿ ತೋರಿಸುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಸಮುದ್ರವನ್ನು ನಾನು ನೋಡಿದ್ದು ಜೀವಮಾನದಲ್ಲಿ ಎರಡು ಸಲ, ಎರಡೂ ಸಲ ಮೊಣಕಾಲುದ್ದಕ್ಕೆ ಮಾತ್ರ ಇಳಿದವನು. ಆದರೂ ಚಂಡಮಾರುತದ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ಹಮ್ಮು ಇತ್ತು. ಅದನ್ನು ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ನಮ್ಮೂರು ನಂಗಲಿಯಿಂದ ಅರ್ಧ ಗಂಟೆಯ ದಾರಿ. ಊರಿಗೊಂದು ಕೆರೆ. ನಮ್ಮ ಸೀಮೆಯ ಕೆರೆಗಳು ಒಂದರ ಕೆಳಗೊಂದು ಇವೆ. ಮೇಲಿನೂರಿನ ಕೆರೆ ತುಂಬಿದರೆ ಆ ಹೆಚ್ಚಿನ ನೀರು ನಮ್ಮ ಕೆರೆಗೆ, ನಮ್ಮದು ತುಂಬಿದರೆ ಕೆಳಗಿನೂರಿನ ಕೆರೆಗೆ. ಹೆಚ್ಚಾದ ನೀರು ಹೊರಗೆ ಹರಿಯಲೆಂದು ಏರಿಯ ಒಂದು ಕೊನೆಯಲ್ಲಿ ತಗ್ಗಾಗಿ ಕಲ್ಲುಕಟ್ಟೆ ಕಟ್ಟಿರುತ್ತಾರೆ, ಅದೇ ಕೋಡಿ. ಇದೆಲ್ಲ ಹೇಳುವುದಕ್ಕೆ ಚೆಂದ. ನಮ್ಮ ಕೆರೆ ಕೋಡಿ ಬಿದ್ದು ಹದಿನೆಂಟು ವರ್ಷವಾಗಿತ್ತು. ಕೋಡಿಯ ಕಲ್ಲಿನ ಮೇಲೆ ಹೆಂಗಸರು ಹಪ್ಪಳ ಒಣಗಿಸುತ್ತಿದ್ದರು.

ಅಂಥ ಕೆರೆ ಆ ವರ್ಷ ತುಂಬಿತು. ದೀಪಾವಳಿ ಕಳೆದು ವಾರವಾಗಿತ್ತು. ನೀರು ಕೋಡಿಯ ಕಲ್ಲು ತಲುಪಿ, ಬೆರಳುದ್ದ ಮೇಲೇರಿ, ಆ ಕಡೆ ಇಳಿಯಲು ಶುರುವಾಯಿತು. ಊರಿಗೆ ಊರೇ ಅರಿಶಿನ ಕುಂಕುಮ ಬಾಳೆಹಣ್ಣು ಹಿಡಿದು ಕೋಡಿಗೆ ಓಡಿತು. ನೆಂಟರಿಷ್ಟರು ಮಾಲೂರು, ಶ್ರೀನಿವಾಸಪುರದಿಂದ ಆಟೋ ಮಾಡಿಕೊಂಡು ಬಂದರು. ಗಂಗಮ್ಮನಿಗೆ ಪೂಜೆಯಾಯಿತು, ಎರಡು ಕುರಿಮರಿ ಬಲಿಯಾದವು. ನನ್ನ ಹೆಂಡತಿ ಸರೋಜ ಆ ನೀರು ನೋಡಿ ಅತ್ತುಬಿಟ್ಟಳು. ಸಾವಿರಾರು ಅಡಿ ಬೋರು ಕೊರೆದು ಬರೀ ಧೂಳಿನ ಹೊಗೆ ಕಂಡ ಜನ ನಾವು, ಹರಿಯುವ ನೀರು ಕಂಡರೆ ಏನಾಗಬೇಡ!

ಪೂಜೆ ಮುಗಿದು ಎಲ್ಲರೂ ಕಲ್ಲಿನ ಮೇಲೆ ಕೂತು ಹರಿದು ಹೋಗುವ ನೀರನ್ನೇ ನೋಡುತ್ತಿದ್ದಾಗ, ಹಿಪ್ಪುನೇರಳೆ ತೋಟದ ಚಿನ್ನಪ್ಪ, "ಅಯ್ಯೋ, ಬಂದಿದ್ ಲಕ್ಷ್ಮಿ ಹಂಗೇ ಹೊರಟೋಗ್ತಾವ್ಳಲ್ರೋ" ಎಂದ. ಎಲ್ಲರಿಗೂ ಅದೇ ಸಂಕಟ. ಆಗ ನನ್ನ ತಲೆ ಓಡಿತು. ಓಡಬಾರದಿತ್ತು, ಓಡಿತು. ಕೋಡಿಯ ಮೇಲೆ ಮಣ್ಣು ತುಂಬಿದ ಗೊಬ್ಬರದ ಚೀಲ ಜೋಡಿಸಿದರೆ ಒಂದೂವರೆ ಅಡಿ ನೀರು ಹೆಚ್ಚು ನಿಲ್ಲುತ್ತದಲ್ಲವೇ? ಹಾಜರಿ ಪಟ್ಟಿಯ ಹಿಂಭಾಗದಲ್ಲಿ ಕೆರೆಯ ಅಗಲ ಉದ್ದ ಬರೆದು ಗುಣಿಸಿ, ಇನ್ನೆರಡು ತಿಂಗಳ ನೀರು ಎಂದು ತೋರಿಸಿದೆ. ಚಿನ್ನಪ್ಪ ನನ್ನ ಕೈ ಹಿಡಿದು, "ಓದಿದೋರು ಓದಿದೋರೇ ಮೇಷ್ಟ್ರೇ" ಎಂದ. ಮಾರನೇ ದಿನ ಸಂಜೆಯ ಹೊತ್ತಿಗೆ ಕೋಡಿಯ ಉದ್ದಕ್ಕೂ ಮೂರು ಸಾಲು ಮೂಟೆ ಕೂತಿದ್ದವು. ಮೊದಲ ಮೂಟೆಯನ್ನು ನನ್ನ ಕೈಯಲ್ಲೇ ಇಡಿಸಿ ತೆಂಗಿನಕಾಯಿ ಒಡೆದರು.

ನಗದೆ ನಿಂತವನು ಒಬ್ಬನೇ, ನಮ್ಮ ಕೆರೆಯ ನೀರಗಂಟಿ ಮುನಿಶಾಮಪ್ಪ. ಗದ್ದೆಗೆ ನೀರು ಬಿಡುವ ತೂಬು ಎತ್ತುವುದು, ಇಳಿಸುವುದು, ಏರಿ ಕಾಯುವುದು ಅವನ ಮನೆತನದ ಕೆಲಸ. ಏರಿಯ ಕೆಳಗಿನ ಹದಿನೈದು ಮನೆಗಳ ಸಾಲಿನಲ್ಲಿ ಅವನದೂ ಒಂದು. "ಕೋಡಿ ಕಟ್ಟಿದೋರಿಗೆ ಎಷ್ಟೆತ್ತರ ಕಟ್ಬೇಕು ಅಂತ ಗೊತ್ತಿರ್ಲಿಲ್ವಾ ಮೇಷ್ಟ್ರೇ?" ಎಂದು ಮೆಲ್ಲಗೆ ಕೇಳಿದ. ಬೋರ್ಡಿನ ಮೇಲೆ ಉತ್ತರ ಬರೆದ ಮೇಲೆ ಯಾರೋ ಪ್ರಶ್ನೆ ಕೇಳಿದಂತೆ ನನಗೆ ಕಿರಿಕಿರಿಯಾಯಿತು. "ನೋಡ್ಕೊಳ್ಳೋಣ ಬಿಡು" ಎಂದೆ.

ಒಂದು ವಾರ ಸುಖವಾಗಿ ಕಳೆಯಿತು. ಒಂದು ದಿನ ಬೆಳಿಗ್ಗೆ ದೊಡ್ಡಮ್ಮನ ಫೋನು ಬಂತು. "ಲೇ ಮೇಷ್ಟ್ರೇ, ತುಫಾನು ಬರ್ತಾ ಐತೆ ಕಣೋ. ನಿನ್ನೆ ಸಂಜೆಯಿಂದ ಬಂದ ಲಾರಿ ಎಲ್ಲಾ ಒದ್ದೆ. ಮಣ್ಣು ಕೆಂಪಗೈತೆ. ಪಲಮನೇರು ಘಾಟಿಯಲ್ಲೇ ಬೀಳ್ತಾ ಐತಂತೆ."

"ನಾನೂ ನೋಡಿದೆ ದೊಡ್ಡಮ್ಮ, ಟೀವಿಯಲ್ಲಿ ಬಂತು. ಅದು ಮದ್ರಾಸಿನ ಹತ್ತಿರ ದಡ ಮುಟ್ಟೋದು. ನಮ್ಗೂ ಅದಕ್ಕೂ ಇನ್ನೂರು ಕಿಲೋಮೀಟರು. ದಡ ಹತ್ತಿದ ಮೇಲೆ ಅದರ ಶಕ್ತಿ ಇಳಿದುಹೋಗುತ್ತೆ."

"ಗಾಳಿ ಶಕ್ತಿ ಇಳೀತದೆ. ಹೊತ್ಕೊಂಡ್ ಬಂದ ನೀರು ಎಲ್ಲಿ ಇಳಿಸ್ತದೆ?"

ಪಠ್ಯಪುಸ್ತಕದಲ್ಲಿ ಆ ಪ್ರಶ್ನೆಗೆ ಉತ್ತರವಿತ್ತು, ನಾನೇ ಎಷ್ಟೋ ಸಲ ಪರೀಕ್ಷೆಯಲ್ಲಿ ಕೇಳಿದ್ದೆ. ಆದರೆ ದೊಡ್ಡಮ್ಮ ಕೇಳಿದಾಗ ಅದು ನಮ್ಮ ಕೆರೆಯ ಪ್ರಶ್ನೆ ಎಂದು ಹೊಳೆಯಲೇ ಇಲ್ಲ. ಫೋನು ತೆಗೆದು ಮಳೆಯ ನಕ್ಷೆ ನೋಡಿದೆ, ನಮ್ಮ ಜಿಲ್ಲೆಯ ಮೇಲೆ ಹಳದಿ ಬಣ್ಣವಿತ್ತು. ಹಳದಿ ಎಂದರೆ ಅಷ್ಟೇನೂ ಇಲ್ಲ ಎಂದು ಸರೋಜಳಿಗೆ ವಿವರಿಸಿ ಕಾಫಿ ಕುಡಿದೆ.

ಮಾರನೇ ದಿನ ಬೆಳಗಾಗಲೇ ಇಲ್ಲ. ಎಂಟು ಗಂಟೆಗೂ ದೀಪ ಬೇಕಾಗಿತ್ತು, ಆದರೆ ಕರೆಂಟು ಹೋಗಿತ್ತು. ಶಾಲೆಗೆ ರಜೆ. ಮಳೆ ಗಾಳಿಗೆ ಸಿಕ್ಕಿ ಅಡ್ಡಡ್ಡ ಹೊಡೆಯುತ್ತಿತ್ತು. ಲಕ್ಕೂರಿನಿಂದ ಸರೋಜಳ ತಮ್ಮ ಫೋನು ಮಾಡಿ, ತೋಟದಲ್ಲಿ ಸುಂಟರಗಾಳಿ ಎದ್ದು ದಪ್ಪ ಮೆಣಸಿನಕಾಯಿ ಬೆಳೆದಿದ್ದ ಪಾಲಿಹೌಸಿನ ಪ್ಲಾಸ್ಟಿಕ್ಕು ಪೂರಾ ಕಿತ್ತುಹೋಗಿ ಪಕ್ಕದವರ ತೆಂಗಿನಮರಕ್ಕೆ ಸುತ್ತಿಕೊಂಡಿದೆ ಎಂದ. ನೋಡಲು ಹೊರಗೆ ಹೋಗುತ್ತೇನೆ ಎಂದವನನ್ನು ಸರೋಜ ಫೋನಿನಲ್ಲೇ ಗದರಿಸಿ ಒಳಮನೆಯಲ್ಲಿ ಕೂರಿಸಿದಳು. ಇದೂ ದೊಡ್ಡಮ್ಮ ಕಲಿಸಿದ್ದೇ. ಗಾಳಿ ಬಂದರೆ ಗೋಡೆ ನಂಬು, ಶೀಟು ನಂಬಬೇಡ. ನೀರು ಬಂದರೆ ದಿಬ್ಬ ನಂಬು, ಗೋಡೆ ನಂಬಬೇಡ. ಹೀಗೆ ಅವಳು ಮುದ್ದೆ ತಿರುವುತ್ತಾ ಡ್ರೈವರುಗಳಿಗೆ ಹೇಳುತ್ತಿದ್ದಳು.

ಹನ್ನೊಂದು ಗಂಟೆಗೆ ಛತ್ರಿ ಹಿಡಿದು ಏರಿಯ ಮೇಲೆ ಹೋದೆ. ಹತ್ತು ಹದಿನೈದು ಜನ ಸೇರಿದ್ದರು. ನೀರು ಮೂಟೆಗಳ ಎರಡನೇ ಸಾಲು ಮುಟ್ಟಿತ್ತು. "ನೋಡಿ ಮೇಷ್ಟ್ರೇ, ನೀವು ಹೇಳ್ದಂಗೇ ನಿಂತೈತೆ" ಎಂದು ಚಿನ್ನಪ್ಪ ಹಿಗ್ಗಿದ. ಅಷ್ಟರಲ್ಲಿ ಎಲ್ಲರ ಜೇಬಿನಲ್ಲೂ ಫೋನುಗಳು ಒಟ್ಟಿಗೆ ಕಿರುಚಿಕೊಂಡವು! ಒಬ್ಬ ಬೆಚ್ಚಿ ಫೋನನ್ನು ಕೆಸರಿಗೇ ಬಿಸಾಕಿದ. ನೋಡಿದರೆ ಸರ್ಕಾರದ ಎಚ್ಚರಿಕೆ ಸಂದೇಶ. ನಾನು ಗಟ್ಟಿಯಾಗಿ ಓದಿದೆ. ನಿಮ್ಮ ಪ್ರದೇಶದಲ್ಲಿ ಭಾರಿ ಮಳೆಯಾಗುವ ಸಂಭವವಿದೆ, ಎಚ್ಚರಿಕೆ ವಹಿಸಿ.

"ಎಚ್ಚರಿಕೆ ವಹಿಸಿ ಅಂದ್ರೆ ಏನ್ ಮಾಡ್ಬೇಕು ಮೇಷ್ಟ್ರೇ?" ಎಂದು ಮುನಿಶಾಮಪ್ಪ ಕೇಳಿದ. ಕೊಂಕಲ್ಲ, ನಿಜವಾಗಿ ಕೇಳಿದ. ನನಗೆ ಈಗಲೂ ಆ ಪ್ರಶ್ನೆಯ ಮೇಲೆ ಕುತೂಹಲ. ಎಚ್ಚರ ಎನ್ನುವುದನ್ನು ಮನುಷ್ಯ ಹೇಗೆ ವಹಿಸುತ್ತಾನೆ? ಭುಜದ ಮೇಲೋ, ತಲೆಯ ಮೇಲೋ? ಯಾವ ಕೆಲಸ ಮೊದಲು ಮಾಡಬೇಕು ಎಂದು ಆ ಸಂದೇಶದಲ್ಲಿ ಇರಲಿಲ್ಲ, ನಮ್ಮ ಕೋಡಿಯ ಮೇಲೆ ಮೂಟೆಗಳಿವೆ ಎಂದು ಕಳಿಸಿದವರಿಗೆ ಗೊತ್ತೂ ಇರಲಿಲ್ಲ. ಅದು ಗೊತ್ತಿದ್ದವರು ಅಲ್ಲಿ ನಿಂತಿದ್ದ ನಾವೇ.

ಮಧ್ಯಾಹ್ನ ಒಂದು ಗಂಟೆಗೆ ದೊಡ್ಡಮ್ಮ ಮತ್ತೆ ಫೋನು ಮಾಡಿದಳು. ಈ ಸಲ ತಮಾಷೆಯಿಲ್ಲ, ಮೇಷ್ಟ್ರೇ ಎನ್ನಲಿಲ್ಲ. "ಮಗಾ, ಹತ್ತು ಗಂಟೆಯಿಂದ ಆ ಕಡೆಯಿಂದ ಒಂದು ಲಾರಿನೂ ಬಂದಿಲ್ಲ. ಕೊನೇಲಿ ಬಂದವನು ಇಡ್ಲಿನೂ ತಿನ್ನಲಿಲ್ಲ, ಗಾಡಿ ನಿಲ್ಲಿಸಿ ಸುಮ್ನೆ ಕೂತವ್ನೆ. ನಿಮ್ ಮೇಲಿನ ಕೆರೆಗಳೆಲ್ಲ ತುಂಬಿ ನಿಂತವೆ. ಬೀಳೋದೆಲ್ಲ ನಿಮ್ಗೇ ಬರೋದು. ಮೂಟೆ ತೆಗೀರಿ."

ಮೂಟೆಯ ವಿಷಯ ಅವಳಿಗೆ ಯಾರು ಹೇಳಿದರೋ! ನಾನಂತೂ ಹೇಳಿರಲಿಲ್ಲ. ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಮುನಿಶಾಮಪ್ಪ, ತಲೆಯ ಮೇಲೆ ಗೋಣಿ ಕೊಪ್ಪೆ, ಮೈಯೆಲ್ಲ ನೀರು. "ಒಂದ್ ಕಿತ ಬನ್ನಿ" ಎಂದ. ಏರಿಯ ಮೇಲಕ್ಕಲ್ಲ, ಕೆಳಕ್ಕೆ ಕರೆದುಕೊಂಡು ಹೋದ. ಏರಿಯ ಬುಡದಲ್ಲಿ, ಅವನ ಮನೆಯಿಂದ ಐವತ್ತು ಹೆಜ್ಜೆ ದೂರದಲ್ಲಿ, ಬೆರಳು ಗಾತ್ರಕ್ಕೆ ನೀರು ಜಿನುಗುತ್ತಿತ್ತು. ಅವನು ಬೊಗಸೆಯಲ್ಲಿ ಹಿಡಿದು ನನ್ನ ಮುಖದ ಹತ್ತಿರ ತಂದ. "ತಿಳಿ ನೀರು ಬಂದ್ರೆ ಭಯ ಇಲ್ಲ ಮೇಷ್ಟ್ರೇ, ಎಲ್ಲಾ ಕೆರೆನೂ ಅಷ್ಟೋ ಇಷ್ಟೋ ಬೆವರ್ತದೆ. ಇದು ನೋಡಿ, ಕೆಂಪಗೈತೆ. ಏರಿ ಮಣ್ಣು ಒಳಗಿಂದ ಕರಗ್ತಾ ಐತೆ."

ಆ ಹದಿನೈದು ಮನೆಗಳ ಹೊಗೆ ಮಳೆಯಲ್ಲೂ ಕಾಣುತ್ತಿತ್ತು, ಮಧ್ಯಾಹ್ನದ ಅಡುಗೆಯ ಹೊತ್ತು. ಏರಿ ಒಡೆದರೆ ಒಲೆಯ ಮುಂದೆ ಕೂತವರು ಎದ್ದು ನಿಲ್ಲುವಷ್ಟರಲ್ಲಿ ಎಲ್ಲ ಮುಗಿಯುತ್ತಿತ್ತು.

ಕೋಡಿಯ ಹತ್ತಿರ ಹೋಗಿ ಮೂಟೆ ತೆಗೆಯಬೇಕು ಎಂದರೆ ಚಿನ್ನಪ್ಪ ಅಡ್ಡ ನಿಂತ. "ಹದಿನೆಂಟು ವರ್ಷಕ್ಕೆ ಬಂದಿರೋ ನೀರು ಮೇಷ್ಟ್ರೇ! ಕೈಯಾರೆ ಹೊರಕ್ಕೆ ಬಿಡೋಕೆ ನಮಗೇನು ತಲೆ ಕೆಟ್ಟೈತಾ? ಲೆಕ್ಕ ಹಾಕಿ ಕಟ್ಟಿಸ್ದೋರು ನೀವೇ, ಈಗ ತೆಗ್ಸೋರೂ ನೀವೇನಾ?" ಅವನ ಕಣ್ಣಲ್ಲಿ ನೀರಿತ್ತು. ಅವನನ್ನು ದೂರಲಾರೆ. ನೀರಿಲ್ಲದೆ ಒಣಗಿದ ತೋಟವನ್ನು ಎರಡು ಸಲ ಕಡಿದು ಸೌದೆ ಮಾಡಿದವನು ಅವನು. ಸುತ್ತ ನಿಂತವರೆಲ್ಲ ಅವನ ಪಕ್ಷ. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ. "ಲೆಕ್ಕ ತಪ್ಪಾಗಿತ್ತು ಚಿನ್ನಪ್ಪ. ನೀರು ಎಷ್ಟು ನಿಲ್ಲುತ್ತೆ ಅಂತ ಲೆಕ್ಕ ಹಾಕಿದೆ, ಏರಿ ಎಷ್ಟು ತಡೆಯುತ್ತೆ ಅಂತ ಕೇಳಲೇ ಇಲ್ಲ. ತಪ್ಪು ನಂದೇ" ಎಂದೆ. ಪಂಚೆ ಎತ್ತಿ ಕಟ್ಟಿ ಮೊದಲ ಮೂಟೆಗೆ ಕೈ ಹಾಕಿದೆ. ಅದು ನೆಂದು ಎರಡಾಳು ಭಾರವಾಗಿತ್ತು, ಜಾರಿ ನನ್ನ ಕಾಲ ಮೇಲೇ ಬಿತ್ತು. ಆ ನೋವಿಗೆ ನಾನು ಕೂಗಿದ ಕೂಗು ಕೇಳಿ ಯಾರೋ ನಕ್ಕರು, ನಕ್ಕವರು ಇಳಿದು ಬಂದರು. ಕೊನೆಗೆ ಚಿನ್ನಪ್ಪನೂ ಬಂದ, ಬಾಯಿತುಂಬ ಬೈಯುತ್ತಲೇ ಮೂಟೆ ಎತ್ತಿದ.

ಆ ಹೊತ್ತಿಗೆ ಸರೋಜ ನನ್ನನ್ನು ಕೇಳದೆಯೇ ದಿಬ್ಬದ ಮೇಲಿನ ಶಾಲೆಯ ಬೀಗ ತೆಗೆಸಿ, ಹದಿನೈದು ಮನೆಯ ಜನ, ದನ, ಕೋಳಿ ಎಲ್ಲವನ್ನೂ ಒಳಗೆ ಸೇರಿಸಿದ್ದಳು. ಆ ಶಾಲೆಗೆ ನಾನು ಕೊಟ್ಟಿದ್ದ ಹಳೆಯ ಭೂಪಟಗಳ ಕೆಳಗೆ ಮೇಕೆಗಳು ಮಲಗಿದ್ದವು. ಒಂದು ಮೇಕೆ ಹಿಂದೂ ಮಹಾಸಾಗರವನ್ನು ಅರ್ಧ ತಿಂದಿದ್ದು ಮಾರನೇ ದಿನ ಗೊತ್ತಾಯಿತು.

ನಾಲ್ಕು ಗಂಟೆಗೆ ಕೊನೆಯ ಮೂಟೆ ಬಂತು. ಕೋಡಿ ಭೋರ್ಗರೆದು ಹರಿಯಿತು. ಮುನಿಶಾಮಪ್ಪ ಏರಿಯ ಬುಡಕ್ಕೆ ಹೋಗಿ ನೋಡಿ ಬಂದು, ಜಿನುಗು ಕಡಿಮೆಯಾಗುತ್ತಿದೆ ಎಂದ. ನನಗೆ ಹೋದ ಜೀವ ಬಂದಂತಾಯಿತು. ಸಂಭ್ರಮ ತಡೆಯದೆ ಅಲ್ಲೇ ಮಳೆಯಲ್ಲಿ ನಿಂತು, ಛತ್ರಿಯ ಮರೆಯಲ್ಲಿ ದೊಡ್ಡಮ್ಮನಿಗೆ ಫೋನು ಮಾಡಿದೆ. "ದೊಡ್ಡಮ್ಮ, ಎಲ್ಲಾ ಮೂಟೆ ತೆಗೆದ್ವಿ! ನೀರು ಹೋಗ್ತಾ ಐತೆ!"

"ಒಳ್ಳೇದಾಯ್ತು. ಕೆಳಗಿನೂರಿಗೆ ಹೇಳಿದ್ಯಾ?"

ನಾನು ತಿರುಗಿ ಕೋಡಿಯಿಂದ ಇಳಿಯುವ ನೀರಿನ ಕಡೆ ನೋಡಿದೆ.

"ಲೇ, ಹೇಳಿದ್ಯೇನೋ? ನಾಲ್ಕು ಗಂಟೆ ಆಯ್ತು. ಹಾಲಿನೋರು ಬರೋ ಹೊತ್ತು ಕಣೋ!"

ಕೆಳಗಿನೂರಿನಲ್ಲಿ ಡೈರಿಯಿಲ್ಲ. ಸಂಜೆಯ ಹಾಲು ನಮ್ಮೂರಿಗೇ ತರುತ್ತಾರೆ, ಮಳೆಯಿರಲಿ ಸಿಡಿಲಿರಲಿ, ಹಸು ಹಾಲು ಕೊಡುವುದು ನಿಲ್ಲಿಸುವುದಿಲ್ಲವಲ್ಲ. ಅವರು ಬರುವ ದಾರಿ ಕೋಡಿ ಹಳ್ಳವನ್ನು ಅಡ್ಡ ಹಾಯುತ್ತದೆ. ಹದಿನೆಂಟು ವರ್ಷ ಒಣಗಿದ್ದ ಹಳ್ಳಕ್ಕೆ ಸೇತುವೆ ಯಾಕೆಂದು ಯಾರೋ ಬರೀ ಕಾಂಕ್ರೀಟು ಹಾಸಿ ರಸ್ತೆ ಮಾಡಿದ್ದರು. ಆ ಊರಿನ ಒಬ್ಬರ ನಂಬರೂ ನನ್ನಲ್ಲಿಲ್ಲ. ಡೈರಿಯವನ ಫೋನಿಗೆ ಚಾರ್ಜಿಲ್ಲ. "ನಿನ್ ಗೋಡೆ ಮೇಲೆ ಇಲ್ವಾ ದೊಡ್ಡಮ್ಮ?" ಎಂದು ಬೇಡಿದೆ. "ಆ ಊರೋರು ನನ್ ಹೋಟ್ಲು ಕಡೆ ಬರಲ್ವಲ್ಲೋ. ಫೋನ್ ಇಡು, ಓಡು!" ಎಂದಳು.

ಓಡಿದೆ. ಭೂಗೋಳದ ಮೇಷ್ಟ್ರು ಓಡುವುದನ್ನು ನೀವು ನೋಡಿರಲಿಕ್ಕಿಲ್ಲ, ನೋಡುವಂಥದ್ದೂ ಅಲ್ಲ. ಮೂಟೆ ಬಿದ್ದ ಕಾಲು ಕುಂಟುತ್ತಿತ್ತು. ಮುನಿಶಾಮಪ್ಪ ನನ್ನ ಹಿಂದೆಯೇ ಬಂದ. ರಸ್ತೆ ತಲುಪಿದಾಗ ಹಳ್ಳದಲ್ಲಿ ನೀರು ಪಾದ ಮುಚ್ಚುವಷ್ಟು ಮಾತ್ರ ಇತ್ತು. ಅದೇ ಮೋಸ. ಕೋಡಿಯ ನೀರು ಹಳ್ಳದ ಗುಂಡಿಗಳನ್ನೆಲ್ಲ ತುಂಬಿಕೊಂಡು ಇನ್ನೂ ಮೇಲಿನ ತಿರುವಿನಲ್ಲಿತ್ತು, ಸದ್ದು ಮಾತ್ರ ಬಂದಿತ್ತು. ಆಚೆ ದಡದಲ್ಲಿ ಒಬ್ಬ ಹೆಂಗಸು, ಸೊಂಟದ ಮೇಲೆ ಹಾಲಿನ ಕ್ಯಾನು, ತಲೆಯ ಮೇಲೆ ಪ್ಲಾಸ್ಟಿಕ್ ಚೀಲದ ಕೊಪ್ಪೆ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಇಳಿಯಲು ಸಿದ್ಧಳಾಗಿದ್ದಳು.

"ಬರಬೇಡಮ್ಮಾ!" ಎಂದು ಕೂಗಿದೆ. ಮಳೆಯ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಹೋಗು, ಹೋಗು ಎಂದು ಕೈ ಬೀಸಿದೆ. ಆ ದೂರಕ್ಕೆ ಅದು ಬಾ ಬಾ ಎಂದು ಕಂಡಿತೇನೋ, ಅವಳು ತಲೆಯಾಡಿಸಿ ಬೇಗ ಬೇಗ ಎರಡು ಹೆಜ್ಜೆ ಕಾಂಕ್ರೀಟಿನ ಮೇಲೆ ಬಂದೇಬಿಟ್ಟಳು. ನಾನು ಇನ್ನೂ ಜೋರಾಗಿ ಬೀಸಿದೆ. ಅವಳು ಇನ್ನೊಂದು ಹೆಜ್ಜೆ ಇಟ್ಟಳು. ನನ್ನ ಕೈಯೇ ಅವಳನ್ನು ಎಳೆಯುತ್ತಿತ್ತು.

"ಕೂತ್ಕೊಳ್ಳಿ ಮೇಷ್ಟ್ರೇ!" ಎಂದು ಮುನಿಶಾಮಪ್ಪ ನನ್ನ ಭುಜ ಅದುಮಿದ. "ಕೈ ಇಳ್ಸಿ, ಕೂತ್ಕೊಳ್ಳಿ! ಕೂತ್ರೆ ನಿಲ್ತಾಳೆ!"

ರಸ್ತೆಯ ನಡುಮಧ್ಯೆ, ಕೆಸರಿನಲ್ಲಿ ಧೊಪ್ಪನೆ ಕೂತುಬಿಟ್ಟೆ. ಅವನೂ ಪಕ್ಕದಲ್ಲಿ ಕೂತ. ಇಬ್ಬರು ಗಂಡಸರು ಸುರಿಯುವ ಮಳೆಯಲ್ಲಿ ರಸ್ತೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತದ್ದು ಕಂಡು ಅವಳು ನಿಂತಳು. ಇವರಿಗೇನು ಬಂತಪ್ಪ ಎಂಬಂತೆ ನೋಡಿದಳು. ಆಮೇಲೆ, ಯಾಕೋ, ಹಿಂದಕ್ಕೆ ಎರಡು ಹೆಜ್ಜೆ ಸರಿದು, ದಡ ಹತ್ತಿ, ಕ್ಯಾನು ಪಕ್ಕಕ್ಕಿಟ್ಟು ತಾನೂ ಕೂತಳು. ನಾವು ಮೂವರೂ ಒಬ್ಬರನ್ನೊಬ್ಬರು ನೋಡುತ್ತಿರುವಾಗಲೇ ತಿರುವಿನಿಂದ ನೀರು ಬಂತು. ಒಂದು ಹೊಂಗೆ ಮರವನ್ನು ಬೇರುಸಮೇತ ಹೊತ್ತು ತಂದು ಆ ಕಾಂಕ್ರೀಟಿನ ಮೇಲೆ ಉರುಳಿಸಿಕೊಂಡು ಹೋಯಿತು. ಅವಳು ಇಟ್ಟಿದ್ದ ಮೂರು ಹೆಜ್ಜೆಯ ಜಾಗ ಎಲ್ಲಿತ್ತೆಂದು ಮತ್ತೆ ಗುರುತಿಸಲು ಆಗಲಿಲ್ಲ. ನಾನು ಅತ್ತೆ. ಮಳೆಯಲ್ಲಿ ಗೊತ್ತಾಗಲಿಲ್ಲ ಅಂದುಕೊಂಡಿದ್ದೆ, ಮುನಿಶಾಮಪ್ಪನಿಗೆ ಗೊತ್ತಾಗಿತ್ತು.

ಏರಿ ಉಳಿಯಿತು. ಮೂಟೆ ತೆಗೆಯದಿದ್ದರೂ ಉಳಿಯುತ್ತಿತ್ತು ಎಂದು ಚಿನ್ನಪ್ಪ ಇಂದಿಗೂ ವಾದಿಸುತ್ತಾನೆ. ಇದೊಂದು ವಿಚಿತ್ರ ನೋಡಿ. ಬಾರದ ಅನಾಹುತಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಅವನು ಹೇಳುವುದು ಸುಳ್ಳೆನ್ನಲು ನನ್ನ ಹತ್ತಿರ ಇರುವುದು ಮುನಿಶಾಮಪ್ಪನ ಬೊಗಸೆಯ ಕೆಂಪು ನೀರೊಂದೇ.

ವಾರ ಕಳೆದು ನೀರಿಳಿದ ಮೇಲೆ ಕೆಳಗಿನೂರಿಗೆ ಹೋದೆ. ಅವಳ ಹೆಸರು ರಮಣಮ್ಮ. ಕೂರಿಸಿ, ಟೀ ಕೊಟ್ಟು, ಆಮೇಲೆ ಬೈಯಲು ಶುರು ಮಾಡಿದಳು. ಹಳ್ಳದ ಪಕ್ಕದ ಹೊಲದಲ್ಲಿ ಕೊಯ್ದು ಗುಡ್ಡೆ ಹಾಕಿದ್ದ ಅವಳ ರಾಗಿ ಅಷ್ಟೂ ಕೊಚ್ಚಿಹೋಗಿತ್ತು. "ನಿಮ್ ಊರು ಉಳೀಬೇಕು ಅಂತ ನೀರು ಬಿಟ್ರಿ, ಸರಿ. ಕೆಳಗಡೆ ಮನುಷ್ಯರಿದ್ದಾರೆ ಅಂತ ಒಬ್ರಿಗೂ ನೆನಪಾಗ್ಲಿಲ್ವಾ ಸಾರ್? ಒಂದು ಮಾತು, ಒಂದೇ ಮಾತು ಹೇಳಿದ್ರೆ ರಾಗಿ ಎತ್ತಿ ಹಾಕ್ತಿದ್ವಿ. ಓದಿಸೋರು ನೀವು!" ತೆಲುಗಿನಲ್ಲೂ ಒಂದಷ್ಟು ಬೈದಳು, ಅದನ್ನು ಬರೆಯಲಾರೆ. ತಲೆ ತಗ್ಗಿಸಿ ಕೇಳಿದೆ. ಹೊರಡುವಾಗ ಅವಳ ನಂಬರು ಕೇಳಿ ಬರೆದುಕೊಂಡೆ, ನನ್ನದನ್ನೂ ಕೊಟ್ಟೆ.

ದೊಡ್ಡಮ್ಮ ಮಂಡಿನೋವಿನಿಂದ ಹೋಟ್ಲು ಮುಚ್ಚಿ ಈಗ ಶ್ರೀನಿವಾಸಪುರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಸುತ್ತ ಮಾವಿನ ತೋಪು. "ಇಲ್ಲಿ ಮಾವಿನಕಾಯಿ ಬಿಟ್ರೆ ಒಂದು ಸುದ್ದಿನೂ ಬರಲ್ಲ ಕಣೋ" ಎಂದು ಗೊಣಗುತ್ತಾಳೆ. ಹಾಗಾಗಿ ಆ ಕೆಲಸ ಹೇಗೋ ನನ್ನ ಪಾಲಿಗೆ ಬಂದಿದೆ. ಮೊನ್ನೆ ಆ ಡ್ರೈವರಿನ ಮಾತು ಕೇಳಿದ ಮೇಲೆ ಫೋನಿನಲ್ಲಿ ನೋಡಿದರೆ, ಹೌದು, ಸಮುದ್ರದಲ್ಲಿ ವಾಯುಭಾರ ಕುಸಿತ, ಎರಡು ದಿನದಲ್ಲಿ ನಮ್ಮ ಕಡೆ ಮಳೆ. ಮಂಡಿಯ ಗೇಟಿನ ಪಕ್ಕಕ್ಕೆ ಸರಿದು ಮುನಿಶಾಮಪ್ಪನಿಗೆ ಹೇಳಿದೆ. ಆಮೇಲೆ ರಮಣಮ್ಮನಿಗೆ ಮಾಡಿದೆ.

"ಏನ್ ಸಾರ್, ಮತ್ತೆ ರೋಡಲ್ಲಿ ಕೂತ್ಕೊಬೇಕಾ?" ಎಂದು ನಕ್ಕಳು.

ವಾಯುಭಾರ ಕುಸಿತ ಎಂದರೇನು, ಗಾಳಿ ಯಾಕೆ ಉಲ್ಟಾ ಸುತ್ತುತ್ತದೆ ಎಂದು ವಿವರಿಸತೊಡಗಿದೆ. "ಎಷ್ಟು ದಿನ ಐತೆ, ಅದು ಹೇಳಿ ಸಾರ್. ಗಾಳಿ ಹೆಂಗಾನಾ ಸುತ್ಕೊಳ್ಲಿ" ಎಂದಳು. ಎರಡು ದಿನ ಎಂದೆ. ರಾಗಿ ಇವತ್ತೇ ಒಳಗೆ ಹಾಕುತ್ತೇನೆ ಎಂದಳು. ಇಷ್ಟು ವರ್ಷ ಅಲ್ಲಿಗೇ ನಮ್ಮ ಮಾತು ಮುಗಿಯುತ್ತಿತ್ತು. ಮೊನ್ನೆ ಯಾಕೋ ನನ್ನ ಬಾಯಿಂದ ಇನ್ನೊಂದು ಪ್ರಶ್ನೆ ಬಂತು.

"ರಮಣಮ್ಮ, ನಿಮ್ ಕೆರೆ ಕೋಡಿ ಬಿದ್ರೆ ಆ ನೀರು ಯಾವೂರಿಗೆ ಹೋಗುತ್ತೆ?"

ಊರಿನ ಹೆಸರು ಹೇಳಿದಳು. ಎರಡು ಮೈಲಿ ಕೆಳಗೆ.

"ಅಲ್ಲಿ ಯಾರ್ದಾದ್ರೂ ನಂಬರ್ ಇದ್ಯಾ ನಿಮ್ಮತ್ರ?"

ಫೋನಿನ ಆ ಕಡೆ ಒಂದು ಕರು ಕೂಗಿದ್ದು ಕೇಳಿಸಿತು.

"ಇಲ್ಲ ಸಾರ್" ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ನಿಮ್ಮನ್ನ ಅಷ್ಟೊಂದು ಬೈದೆನಲ್ಲ ಸಾರ್ ನಾನು" ಎಂದಳು.

ಪರವಾಗಿಲ್ಲ ಎಂದು ನಾನು ಹೇಳುವಷ್ಟರಲ್ಲಿ, "ಇಡ್ತೀನಿ ಸಾರ್, ಹೋಗಿ ಹೇಳ್ಬಿಟ್ ಬರ್ತೀನಿ" ಎಂದು ಫೋನು ಇಟ್ಟಳು. ಬಸ್ಸಿಗೂ ಕಾಯದೆ ನಡೆದೇ ಹೋದಳಂತೆ.